ಬಿಸಿ ತಣ್ಣಿ

ಆ ಶನಿವಾರವೂ ಮಗು ಎದ್ದುಬಿಟ್ಟಿತು. ಹಣೆಗೊಂದು, ಕಿವಿಗಳ ಹಿಂದೆ ಒಂದೊಂದು ಎಲೆಕ್ಟ್ರೋಡ್ ಅಂಟಿಸಿ, ಕಿವಿಯೊಳಗೆ ಸ್ಪಂಜಿನ ಇಯರ್‌ಫೋನ್ ಕೂರಿಸಿ, ಉಸಿರು ಬಿಗಿಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಪರದೆಯ ಮೇಲೆ ಮೊದಲ ಗೆರೆ ಮೂಡುವಷ್ಟರಲ್ಲಿ ಮಗು ಮುಖ ಕಿವುಚಿ, ಕಾಲು ಒದ್ದು, ವೈರುಗಳನ್ನೆಲ್ಲ ಕಿತ್ತುಕೊಂಡು ಕಿರುಚಿತು. ಅದರ ಬೆನ್ನು ಮುಟ್ಟಿದೆ. ಫ್ರಾಕು ಹಿಂಡಿದರೆ ನೀರು ಬರುವಷ್ಟು ಬೆವರು. ತೊಡೆಯ ಮೇಲೆ ಮಲಗಿಸಿಕೊಂಡಿದ್ದ ತಾಯಿಯ ಸೀರೆಯೂ ಒದ್ದೆಯಾಗಿತ್ತು. ಆಕೆ ಕೂತಿದ್ದ ವ್ಯಾನಿನ ಸೀಟಿನ ಮೇಲೆ ಅಂಗೈ ಇಟ್ಟರೆ, ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಕಾವಲಿಯ ಹಾಗಿತ್ತು.

"ನೋಡಮ್ಮಾ, ಎಷ್ಟೊಂದು ಅಲೆ," ಎಂದು ಪರದೆ ತೋರಿಸಿದೆ. ಗೆರೆಗಳು ಹುಚ್ಚು ಹಿಡಿದಂತೆ ಮೇಲೆ ಕೆಳಗೆ ಜಿಗಿಯುತ್ತಿದ್ದವು. ಮಗು ಅಲುಗಾಡಿದರೆ, ಅತ್ತರೆ ಹಾಗಾಗುತ್ತದೆ. "ಇಷ್ಟು ಅಲೆ ಬಂದರೆ ನನ್ನ ಕೆಲಸ ಆಗೋದಿಲ್ಲ. ಇದೆಲ್ಲ ಅಡಗಬೇಕು."

ಪ್ರತಿ ಸಲವೂ ಇದೇ ಮಾತು ಹೇಳಿ ಕಳಿಸುತ್ತಿದ್ದೆ. ಆಕೆ ತಿರುವೊಟ್ಟಿಯೂರಿನ ಮೀನುಗಾರರ ಮನೆಯ ಸೊಸೆ. ನಮ್ಮ ಮಾತೆಲ್ಲ ತಮಿಳಿನಲ್ಲಿ. ನನ್ನ ತಮಿಳು ಹರುಕುಮುರುಕು. ಆದರೆ ಅಲೆ ಅನ್ನುವುದನ್ನು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಲೆಯಾಡಿಸಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಇಳಿದುಹೋದಳು.

ನಾನು ಕಿವಿ ಪರೀಕ್ಷೆ ಮಾಡುವವಳು. ಮಂಡ್ಯದ ಕಡೆಯವಳು, ಚೆನ್ನೈಯ ಒಂದು ಸಣ್ಣ ಟ್ರಸ್ಟಿನ ವ್ಯಾನಿನಲ್ಲಿ ಕೆಲಸ. ಮಾತು ಬಾರದ ಮಕ್ಕಳಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂದು ಅವರವರ ಬೀದಿಗೇ ಹೋಗಿ ನೋಡುತ್ತೇವೆ. ಈ ಮಗುವಿಗೆ ಬೇಕಾಗಿದ್ದದ್ದು ನಿದ್ದೆಯಲ್ಲಿ ಮಾಡುವ ಪರೀಕ್ಷೆ. ಕಿವಿಗೆ ಟಿಕ್ ಟಿಕ್ ಎಂದು ಶಬ್ದ ಕೊಟ್ಟು, ಅದು ನರದ ಮೂಲಕ ಮಿದುಳಿಗೆ ಹೋಗುತ್ತಿದೆಯೇ ಎಂದು ಯಂತ್ರದಲ್ಲಿ ನೋಡುವುದು. ಮಗು ಮಿಸುಕಬಾರದು. ಸಾಮಾನ್ಯವಾಗಿ ನಿದ್ದೆಯ ಸಿರಪ್ ಕೊಡುತ್ತಾರೆ, ಆದರೆ ಇದರ ಹೃದಯದಲ್ಲಿ ತೂತು. ಆಸ್ಪತ್ರೆಯಲ್ಲಿ ಅರಿವಳಿಕೆಯವರು ಜೊತೆಗಿದ್ದರೆ ಪರವಾಗಿಲ್ಲ, ವ್ಯಾನಿನಲ್ಲಿ ಸಿರಪ್ ಕೊಡಕೂಡದು ಎಂದು ಹೃದಯದ ಡಾಕ್ಟರು ಕಡ್ಡಿ ತುಂಡುಮಾಡಿದಂತೆ ಹೇಳಿದ್ದರು. ಹಾಗಾಗಿ ತಾನಾಗಿ ಬಂದ ನಿದ್ದೆಯಲ್ಲೇ ಆಗಬೇಕು. ಮಧ್ಯಾಹ್ನ ಒಮ್ಮೆ ಮಲಗುತ್ತದೆ. ಎದ್ದರೆ ಮುಗಿಯಿತು, ಮತ್ತೆ ರಾತ್ರಿಯೇ. ಆಗ ಮೀನಿನ ಲಾರಿಗಳ ಸದ್ದಿಗೆ ಆ ಬೀದಿಯಲ್ಲಿ ಪರೀಕ್ಷೆ ಆಗದು.

ಸೋಮವಾರ ದೊಡ್ಡಾಸ್ಪತ್ರೆಯಲ್ಲಿ ಸಮಿತಿ ಕೂರುವುದಿತ್ತು. ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಷನ್ನನ್ನು ಯಾವ ಮಕ್ಕಳಿಗೆ ಉಚಿತವಾಗಿ ಮಾಡಬೇಕೆಂದು ಆರಿಸುವ ಸಮಿತಿ. ನನ್ನ ವರದಿ ಇಲ್ಲದೆ ಈ ಮಗುವಿನ ಹೆಸರು ಒಳಗೇ ಹೋಗುವುದಿಲ್ಲ. ಮುಂದಿನ ಸಲ ಸಮಿತಿ ಕೂರುವಷ್ಟರಲ್ಲಿ ಅದರ ವಯಸ್ಸು ಮಿತಿ ದಾಟಿರುತ್ತದೆ. ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿಸೋಣವೆಂದರೆ ಅಲ್ಲಿನ ಸರದಿ ಸೋಮವಾರದಾಚೆ ಎಲ್ಲೋ ಇತ್ತು. ಮನೆಯಲ್ಲೇ ಮಾಡೋಣವೆಂದರೆ ಗೋಡೆಗೆ ಅಂಟಿಕೊಂಡು ಐಸ್ ಫ್ಯಾಕ್ಟರಿ. ಅದರ ಮೋಟರು ನನ್ನ ಯಂತ್ರಕ್ಕೆ ಕಿರಿಕಿರಿ. ಉಳಿದದ್ದು ಭಾನುವಾರ ಮಧ್ಯಾಹ್ನದ ಒಂದೇ ನಿದ್ದೆ, ಮತ್ತು ಈ ದರಿದ್ರ ವ್ಯಾನು.

ವ್ಯಾನು ದರಿದ್ರವಲ್ಲ ಪಾಪ, ಹಳೆಯದು. ಯಾವುದೋ ಚಳಿದೇಶದ ಗಂಡಹೆಂಡತಿ ಮನೆಯ ಹಾಗೆ ಮಾಡಿಕೊಂಡು, ಊರೂರು ತಿರುಗುತ್ತಾ ಬಂದು, ಇಲ್ಲಿ ಬಿಟ್ಟುಹೋದ ಕ್ಯಾಂಪರ್ ವ್ಯಾನು. ಎಂಜಿನ್ ಹಿಂದುಗಡೆ. ಹಿಂದಿನ ಸೀಟಿರುವ ಜಾಗಕ್ಕೆ ಫೋಮ್ ಹೊಡೆಸಿ ನಾವು ಸದ್ದಿಲ್ಲದ ಕೋಣೆ ಮಾಡಿಕೊಂಡಿದ್ದೇವೆ. ಎಡವಟ್ಟು ಏನೆಂದರೆ ಆ ಸೀಟಿನ ಕೆಳಗೇ ಹೀಟರ್. ಎಂಜಿನ್ನಿನ ಕುದಿನೀರು ಅದರೊಳಗೆ ಸುತ್ತಿ ವಾಪಸ್ ಹೋಗುತ್ತದೆ, ಚಳಿಯಲ್ಲಿ ಅವರ ಕಾಲು ಬೆಚ್ಚಗಿರಲೆಂದು. ನೀರು ನಿಲ್ಲಿಸುವ ಮೂಲ ವಾಲ್ವ್ ತುಕ್ಕು ಹಿಡಿದು, ತೆರೆದಿದ್ದ ಹಾಗೇ ಕಚ್ಚಿಕೊಂಡುಬಿಟ್ಟಿತ್ತು. ತಂಪು ದಿನಗಳಲ್ಲಿ ಹೇಗೋ ನಡೆಯಿತು. ಇಲ್ಲಿನವರು ಕತ್ತರಿ ಬಿಸಿಲು ಅನ್ನುವ ಮೇ ತಿಂಗಳ ಉರಿ ಬಂದಮೇಲೆ ಕೋಣೆ ಹಬೆಪಾತ್ರೆಯಾಯಿತು. ಎಸಿ ಓಡಬೇಕಾದರೆ ಎಂಜಿನ್ ಓಡಬೇಕು. ಎಂಜಿನ್ ಓಡಿದರೆ ಸೀಟಿನ ಕೆಳಗೆ ಬೆಂಕಿ. ಪರೀಕ್ಷೆಗೆಂದು ಎಂಜಿನ್ ಆರಿಸಿದ ಕೂಡಲೇ ಮೇಲಿನ ತಂಪು ಓಡಿಹೋಗಿ ಕೆಳಗಿನ ಬಿಸಿ ಮೇಲೇಳುತ್ತಿತ್ತು.

ಮಾಧವರಂನ ನಮ್ಮ ಕಾಂಪೌಂಡಿಗೆ ವಾಪಸ್ ಬರುವ ದಾರಿಯಲ್ಲೇ ಮಾಮನಿಗೆ ಫೋನ್ ಮಾಡಿದೆ. ಟ್ರಸ್ಟಿನ ಆಫೀಸು ನೋಡಿಕೊಳ್ಳುವ ಹಿರಿಯರು ಅವರು, ಎಲ್ಲರಿಗೂ ಮಾಮ. ಅಜ್ಜನ ಕಾಲದಿಂದ ಮದ್ರಾಸಿನಲ್ಲೇ ಇರುವ ಕನ್ನಡದ ವೈಷ್ಣವ ಮನೆತನ. ಮನೆಮಾತು ಕನ್ನಡವೇ. ಆದರೆ ಅದರಲ್ಲಿ ಯಾವುದು ಕನ್ನಡ, ಯಾವುದು ತಮಿಳು ಎಂದು ಅವರಿಗೇ ಗೊತ್ತಿಲ್ಲ. ಈ ವ್ಯಾನನ್ನು ಹುಡುಕಿ ತಂದವರೂ ಅವರೇ, ಅದರ ನರನಾಡಿ ಬಲ್ಲವರೂ ಅವರೇ. ಆದರೆ ಕಣ್ಣಿನ ಪೊರೆ ತೆಗೆಸಿಕೊಂಡು, ಬಗ್ಗಬಾರದು, ಧೂಳಿಗೆ ಬರಬಾರದು ಎಂದು ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿದ್ದರು.

"ಮಾಮಾ, ನಿಮ್ಮ ವಿಲಾಯತಿ ಗಾಡಿಗೆ ಇವತ್ತು ಬೆಂಕಿ ಹಚ್ಚಿಬಿಡ್ತೀನಿ."

"ಯಾಕಮ್ಮಾ ಇಷ್ಟು ಕೋಪ? ಸ್ವಲ್ಪ ಪೊರುಮೆಯಾಗಿ ಹೇಳು."

ತಾಳ್ಮೆ ಎಲ್ಲಿಂದ ತರಲಿ? ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು, "ಹೊಸ ವಾಲ್ವ್ ಹಾಕಿಬಿಡಬೇಕು. ಬೇರೆ ವಳಿ ಇಲ್ಲ. ಸೀಟ್ ಎತ್ತು, ಹೋಸ್ ಕಟ್ ಮಾಡು, ನಡುವೆ ವಾಲ್ವ್ ಕೂರಿಸು. ರೊಂಬ ಸುಲಭ," ಅಂದರು.

ಸುಲಭವಂತೆ. ಬಸ್ ನಿಲ್ದಾಣದ ಹಿಂದಿನ ವರ್ಕ್‌ಶಾಪಿನವರು ವ್ಯಾನಿನ ಮುಂದೆ ನಿಂತು ಬಾನೆಟ್ ಎಲ್ಲಿ ಎಂದು ಕೇಳಿದರು. ಎಂಜಿನ್ ಹಿಂದಿದೆ ಎಂದೆವು. ನಕ್ಕು ಕೈಮುಗಿದುಬಿಟ್ಟರು. ಇನ್ನೊಬ್ಬರು ಬುಧವಾರ ಬಿಡಿ ಎಂದರು. ಕೊನೆಗೆ ನಮ್ಮ ಡ್ರೈವರ್ ಅಣ್ಣನೇ, "ನಾವೇ ಹಾಕೋಣ ಮೇಡಂ, ಹೆಚ್ಚೆಂದರೆ ಏನಾದೀತು?" ಅಂದ. ಆತ ಗಾಡಿ ಓಡಿಸುವುದರಲ್ಲಿ ಗಟ್ಟಿಗ. ಬಿಚ್ಚಿ ಕೂಡಿಸುವುದರಲ್ಲಿ ನನ್ನಷ್ಟೇ ದಡ್ಡ. ಹಳೆ ಗಾಡಿಗಳ ಬಿಡಿಭಾಗ ಸಿಗುವ ಪುದುಪೇಟೆಗೆ ಬೈಕಿನಲ್ಲಿ ಹೋಗಿ, ಊಟಿಯ ಕಡೆ ಓಡುತ್ತಿದ್ದ ಯಾವುದೋ ಜೀಪಿನ ಹೀಟರ್ ವಾಲ್ವ್ ಹಿಡಿದು ತಂದ. ಹಿತ್ತಾಳೆಯದು, ತಿರುಗಿಸಲು ಮೇಲೊಂದು ಹಿಡಿ, ಮೈಮೇಲೆ ನೀರು ಹರಿಯುವ ದಿಕ್ಕಿಗೆ ಬಾಣದ ಗುರುತು. ಜೊತೆಗೆ ಬಿಗಿಯುವ ಕ್ಲಿಪ್ಪುಗಳು, ಎಂಜಿನ್ನಿನ ನೀರಿಗೆ ಬೆರೆಸುವ ಹಸಿರು ಕೂಲಂಟ್ ಒಂದು ಡಬ್ಬಿ.

ಎಂಜಿನ್ ಆರುವವರೆಗೆ ಕಾದು, ಸೀಟನ್ನು ನೆಲಕ್ಕೆ ಬಿಗಿದಿದ್ದ ದಪ್ಪ ಬೋಲ್ಟುಗಳನ್ನು ಬಿಚ್ಚಿದೆವು. ಫೋಮ್ ಎತ್ತಿದೆವು, ಪ್ಲೈವುಡ್ ಎತ್ತಿದೆವು. ಕೆಳಗೆ ಶೂ ಡಬ್ಬಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ, ಅದರೊಳಗೆ ಪುಟ್ಟ ರೇಡಿಯೇಟರು. ಅದಕ್ಕೆ ಎರಡು ಹೋಸು. ಎರಡೂ ಕಪ್ಪು, ಎರಡೂ ಒಂದೇ ದಪ್ಪ, ಅವಳಿಜವಳಿಯ ಹಾಗೆ ನೆಲದೊಳಗಿಂದ ಬಂದಿದ್ದವು. ಯಾವುದಕ್ಕೆ ಹಾಕುವುದು? ಮತ್ತೆ ಮಾಮನಿಗೆ ಫೋನ್.

"ತಣ್ಣಿ ಬರೋ ಹೋಸ್ ಇದೆಯಲ್ಲ, ಅದಕ್ಕೆ ಹಾಕು. ಇನ್ನೊಂದನ್ನ ತೊಡಲೇಬೇಡ," ಅಂದರು. ತೊಡಬೇಡ ಅಂದರೆ ಮುಟ್ಟಬೇಡ ಎಂದು ಅಷ್ಟು ದಿನದ ಸಹವಾಸದಲ್ಲಿ ನನಗೆ ಗೊತ್ತಾಗಿತ್ತು.

"ತಣ್ಣೀರು ಬರೋದಾ ಮಾಮಾ? ಸರಿಯಾಗಿ ಹೇಳಿ."

"ಹೂಂ ಅಮ್ಮಾ, ತಣ್ಣಿ ಬರೋದೇ. ಎಷ್ಟು ಸಲ ಹೇಳಲಿ?"

ನಾನು ಡ್ರೈವರ್ ಅಣ್ಣನ ಕಡೆ ತಿರುಗಿ ಅದನ್ನು ತಮಿಳಿಗೆ ಹಾಕಿ ಹೇಳಿದೆ: "ಪಚ್ಚೆ ತಣ್ಣಿ ಹೋಸ್‌ಗೆ ಅಂತೆ." ಪಚ್ಚೆ ತಣ್ಣಿ ಅಂದರೆ ಅವರ ಮಾತಿನಲ್ಲಿ ತಣ್ಣೀರು. ಅಷ್ಟು ಮುತುವರ್ಜಿಯಿಂದ ತರ್ಜುಮೆ ಮಾಡಿದ್ದೆ, ನನ್ನ ಜಾಣತನಕ್ಕೆ ಏನು ಹೇಳಲಿ!

ಎಂಜಿನ್ ಓಡಿಸಿ, ಎರಡೂ ಹೋಸು ಹಿಡಿದು ನೋಡಿದೆವು. ಒಂದು ಮುಟ್ಟಲಾಗದಷ್ಟು ಬಿಸಿ. ಇನ್ನೊಂದು ಹೀಟರಿನಲ್ಲಿ ಬಿಸಿ ಬಿಟ್ಟುಕೊಟ್ಟು ಬರುವುದರಿಂದ ಸ್ವಲ್ಪ ಕಡಿಮೆ. ಆ ಕಡಿಮೆಯದಕ್ಕೆ ನನ್ನ ಕೂದಲ ರಬ್ಬರ್ ಬ್ಯಾಂಡ್ ಸುತ್ತಿ ಗುರುತು ಮಾಡಿದೆ. ಬಿಸಿನೀರು ನಿಲ್ಲಿಸಬೇಕಾದರೆ ಬಿಸಿಯ ಹೋಸನ್ನು ಬಿಟ್ಟು ಇದಕ್ಕೇಕೆ ಎಂದು ಒಂದು ಕ್ಷಣ ಅನ್ನಿಸಿತು. ಇರಲಿ, ಒಂದೇ ದಾರಿ ತಾನೆ, ಎಲ್ಲಿ ಮುಚ್ಚಿದರೂ ಹರಿವು ನಿಲ್ಲುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮತ್ತೆ ಆರಲು ಬಿಟ್ಟೆವು. ಆಮೇಲೆ ನೀರೆಲ್ಲ ಸುರಿದುಹೋಗದಂತೆ ಹೋಸಿನ ಎರಡು ಕಡೆ ಮರದ ಪಟ್ಟಿ ಇಟ್ಟು ಇಕ್ಕಳದಿಂದ ಅಮುಕಿದೆವು. ವಾಲ್ವಿನ ಮೈಯಷ್ಟು ಉದ್ದ ಅಳೆದು ಬ್ಲೇಡಿನಲ್ಲಿ ಕೊಯ್ದೆವು. ಹೋಸು ಒಣಗಿ ಮರಗಟ್ಟಿತ್ತು, ವಾಲ್ವ್ ಒಳಗೆ ಹೋಗಲೊಲ್ಲದು. ಸೋಪಿನ ನೀರು ಹಚ್ಚಿದರೂ ಆಗಲಿಲ್ಲ. ಡ್ರೈವರ್ ಅಣ್ಣ ಹೋಸಿನ ತುದಿಯನ್ನು ಬಿಸಿನೀರಿನ ಲೋಟದಲ್ಲಿ ಅದ್ದಿ ಮೆತ್ತಗೆ ಮಾಡಿ ತಳ್ಳಿದ. ಬಾಣದ ಗುರುತು ಎಂಜಿನ್ನಿನ ಕಡೆಗೆ. ಎರಡು ಕಡೆ ಕ್ಲಿಪ್ಪು. ಒಂದು ಕ್ಲಿಪ್ಪಿನ ಹಲ್ಲು ಜಾರಿತು, ಬಾಯಿಗೆ ಬಂದಂತೆ ಬೈದು ಇನ್ನೊಂದು ಹಾಕಿದೆ. ಎಂಜಿನ್ ಓಡಿಸುತ್ತಾ, ಗಾಳಿಗುಳ್ಳೆ ನಿಲ್ಲುವವರೆಗೆ ಹಿಂದೆ ಎಂಜಿನ್ನಿನ ಪಕ್ಕ ಇರುವ ನೀರಿನ ಡಬ್ಬಿಗೆ ಕೂಲಂಟ್ ಹುಯ್ದೆವು. ಕೊನೆಗೆ ವಾಲ್ವಿನ ಹಿಡಿ ತಿರುಗಿಸಿ ಮುಚ್ಚಿದೆ.

ರಾತ್ರಿ ಹಾಲಿನ ಡೈರಿಯ ಸುತ್ತ ಒಂದು ಸುತ್ತು ಹೊಡೆದು ಬಂದೆವು. ಸೀಟಿನ ಮೇಲೆ ಕೈ ಇಟ್ಟೆ. ತಣ್ಣಗಿತ್ತು! ಕೆನ್ನೆ ಇಟ್ಟು ನೋಡಿದೆ, ಆಗಲೂ ತಣ್ಣಗೇ ಇತ್ತು. ಡ್ರೈವರ್ ಅಣ್ಣ ಟೀ ಕೊಡಿಸಿದ. ತಾಯಿಗೆ ಫೋನ್ ಮಾಡಿ, ನಾಳೆ ಪರೀಕ್ಷೆ ಆಗಿಯೇ ಆಗುತ್ತದೆ ಎಂದು ಮಾತು ಕೊಟ್ಟುಬಿಟ್ಟೆ.

ಭಾನುವಾರ ಬೇಗನೆ ಹೊರಟೆವು. ಮಣಲಿಯ ರಸ್ತೆಯಲ್ಲಿ ಭಾನುವಾರ, ಸೋಮವಾರ ಎಂಬ ಭೇದವಿಲ್ಲ. ಬಂದರಿಗೆ ಹೋಗುವ ಕಂಟೇನರ್ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಆಮೆಯ ಹಾಗೆ ತೆವಳುತ್ತಿದ್ದೆವು. ಎಸಿ ಹಾಕಿತ್ತು, ಎಂಜಿನ್ ಗುರುಗುರು ಎನ್ನುತ್ತಿತ್ತು. ಬೆಲ್ಲದ ಪಾಕ ಸೀದ ಹಾಗೆ ಸಿಹಿಯಾದ ವಾಸನೆ ಬಂತು. ಆ ರಸ್ತೆಯಲ್ಲಿ ಫ್ಯಾಕ್ಟರಿಗಳ ಎಂಥೆಂಥ ವಾಸನೆಯೋ ಇರುತ್ತದೆ, ಅದರಲ್ಲಿ ಇದೂ ಒಂದು ಎಂದುಕೊಂಡೆ. ಆಮೇಲೆ ಹಿಂದೆ ತಿರುಗಿ ನೋಡಿದೆ. ಕೋಣೆಯ ಗಾಜಿಗೆ ಹಬೆ ಕಟ್ಟಿತ್ತು.

ಬಾಗಿಲು ತೆರೆದರೆ ನೆಲದ ತುಂಬ ಹಸಿರು ನೀರು. ಫೋಮ್ ಹೀರಿಕೊಂಡು ಉಬ್ಬಿತ್ತು. ಸೀಟಿನ ಕೆಳಗಿಂದ ಬುಸ್ ಎಂದು ಬಿಸಿ ಹಬೆ. ಅಷ್ಟರಲ್ಲಿ ಡ್ರೈವರ್ ಅಣ್ಣ, "ಮೇಡಂ, ಎಂಜಿನ್ ಬಿಸಿಯ ಮುಳ್ಳು ಮೇಲೆ ಹೋಗ್ತಿದೆ," ಎಂದು ಕೂಗಿ, ಗಾಡಿಯನ್ನು ಒಂದು ಟೀ ಅಂಗಡಿಯ ಪಕ್ಕಕ್ಕೆ ತಂದು ಎಂಜಿನ್ ಆರಿಸಿದ.

ಯಂತ್ರದ ಪೆಟ್ಟಿಗೆ ಸದ್ಯ ಮುಂದಿನ ಸೀಟಿನಲ್ಲಿತ್ತು. ಅದನ್ನು ಎದೆಗವಚಿಕೊಂಡು ರಸ್ತೆಬದಿಯಲ್ಲಿ ನಿಂತೆ. ಬಿಸಿಲು ನೆತ್ತಿ ಸುಡುತ್ತಿತ್ತು. ಆಗಲೇ ಫೋನ್ ಬಂತು, ತಾಯಿಯದು. "ಮೇಡಂ, ಸ್ನಾನ ಮಾಡಿಸಿ ಊಟ ಮಾಡಿಸಿದೆ. ಕಣ್ಣು ಎಳೀತಿದೆ. ಎಲ್ಲಿದೀರಿ?"

"ಬರ್ತಿದೀನಮ್ಮಾ. ಮಲಗೋಕೆ ಬಿಡಬೇಡ. ಏನಾದರೂ ಮಾಡು, ಎಚ್ಚರ ಇಟ್ಟಿರು," ಅಂದೆ. ಫೋನ್ ಇಟ್ಟಮೇಲೆ ಅಳು ಬಂತು. ಲಾರಿಯವರೆಲ್ಲ ನೋಡುತ್ತಿದ್ದರು, ನೋಡಲಿ ಎಂದು ಅತ್ತೆ. ಒಂದು ಮಗುವನ್ನು ಒಂದು ಗಂಟೆ ತಂಪಾಗಿ ಮಲಗಿಸುವುದಕ್ಕೂ ನನ್ನ ಹಣೆಯಲ್ಲಿ ಬರೆದಿಲ್ಲವೇ ಎಂದು ಸಿಟ್ಟು ಬಂತು. ಸಿಟ್ಟಿಗೆ ವ್ಯಾನಿನ ಚಕ್ರಕ್ಕೆ ಒದ್ದೆ, ಹೆಬ್ಬೆರಳು ನೋಯಿಸಿಕೊಂಡೆ.

ಎಂಜಿನ್ನಿಗೆ ಹುಯ್ಯಲು ನೀರಾದರೂ ಬೇಕಲ್ಲ. ಟೀ ಅಂಗಡಿಯ ಹೆಂಗಸಿನ ಹತ್ತಿರ ಹೋಗಿ ತಮಿಳಿನಲ್ಲಿ, "ಅಕ್ಕಾ, ತಣ್ಣಿ ಬೇಕಿತ್ತು," ಅಂದೆ. ನಮ್ಮ ವ್ಯಾನಿನ ಮೇಲೆ ಒಂದು ಮಗುವಿನ ಚಿತ್ರವಿದೆ. ಅದನ್ನು ನೋಡಿ ಹಾಲಿನ ಬಾಟಲಿಗೆ ಎಂದುಕೊಂಡಳೇನೋ, "ಎಂದ ತಣ್ಣಿ? ಸುಡುತಣ್ಣಿಯಾ, ಪಚ್ಚೆ ತಣ್ಣಿಯಾ?" ಎಂದು ಕೇಳಿದಳು. ಯಾವ ನೀರು, ಬಿಸಿಯದೋ, ತಣ್ಣನೆಯದೋ?

ಚೆನ್ನೈಗೆ ಬಂದವರು ಮೊಟ್ಟಮೊದಲು ಕಲಿಯುವ ಮಾತು ತಣ್ಣಿ. ತಣ್ಣಿ ಅಂದರೆ ನೀರು, ಅಷ್ಟೇ. ತಣ್ಣಗಿದ್ದರೂ ತಣ್ಣಿ, ಕುದಿಯುತ್ತಿದ್ದರೂ ತಣ್ಣಿ. ದಿನಾ ಹೋಟೆಲಿನಲ್ಲಿ, ಬಸ್ಸಿನಲ್ಲಿ ಆಡುವ ಮಾತು. ಇದೇ ಟೀ ಅಂಗಡಿಯವಳು ಹೇಳಿದ್ದರೆ ನನಗೆ ಸರಿಯಾಗಿ ಅರ್ಥವಾಗುತ್ತಿತ್ತು. ಮಾಮ ಕನ್ನಡದಲ್ಲಿ ಹೇಳಿದರು, ನಾನು ಕನ್ನಡದ ಕಿವಿಯಲ್ಲಿ ಕೇಳಿದೆ. ಹೋಗಲಿ ಎಂದರೆ ಅದನ್ನು ತಮಿಳಿಗೆ ಬೇರೆ ತರ್ಜುಮೆ ಮಾಡಿ ಕೂತೆ! ಕಿವಿ ಪರೀಕ್ಷೆ ಮಾಡುವವಳಂತೆ ನಾನು.

"ಮಾಮಾ, ನೀವು ನಿನ್ನೆ ತಣ್ಣಿ ಅಂದಿದ್ದು ಬಿಸಿನೀರಿಗಾ?"

"ಪಿನ್ನೆ? ಎಂಜಿನ್‌ನಿಂದ ಬರೋ ತಣ್ಣಿ ಬಿಸಿ ತಣ್ಣಿ ತಾನೇ ಅಮ್ಮಾ?"

"ಬಿಸಿ ತಣ್ಣೀನಾ? ಅಯ್ಯೋ ಮಾಮಾ, ನಿಮ್ಮ ಕನ್ನಡಕ್ಕೆ ದೊಡ್ಡ ನಮಸ್ಕಾರ! ನಾನು ತಣ್ಣೀರಿನ ಹೋಸ್‌ಗೆ ಹಾಕಿದೀನಿ."

"ಅಡಡಾ. ಹೊರಗೆ ಹೋಗೋ ದಾರಿ ಮುಚ್ಚಿಬಿಟ್ಟಿದೀಯ. ಒಳಗೆ ಪಂಪು ತಳ್ತಾನೇ ಇರುತ್ತೆ. ಹಳೇ ಪೆಟ್ಟಿ, ಬೆಸುಗೆ ಬಿಟ್ಟಿರುತ್ತೆ. ಮದ್ರಾಸಲ್ಲೇ ಹುಟ್ಟಿ ಬೆಳೆದವನು ನಾನು, ಕತ್ತರಿ ಬಿಸಿಲಿಗೆ ನಮ್ಮ ನಲ್ಲಿಯಲ್ಲಿ ಬರೋದೂ ಬಿಸಿ ತಣ್ಣೀನೇ. ನನಗೆ ತೋಚಲೇ ಇಲ್ಲ." ಆಮೇಲೆ ದನಿ ತಗ್ಗಿಸಿ, "ಗಾಡಿ ಸ್ಟಾರ್ಟ್ ಮಾಡಬೇಡ. ನಾಳೆ ಎಳೆಸಿಕೊಂಡು ಬರೋಣ. ಎಂಜಿನ್ ಹೋದರೆ ಈ ಗಾಡಿಗೆ ಇನ್ನೊಂದು ಸಿಗಲ್ಲ," ಅಂದರು.

ಅವರು ಹೇಳಿದ್ದು ತಪ್ಪಲ್ಲ. ಎಂಜಿನ್ ಹೋದರೆ ಟ್ರಸ್ಟಿನ ವ್ಯಾನೇ ಹೋಯಿತು. ಮುಂದಿನ ಎಷ್ಟೋ ಮಕ್ಕಳ ಪರೀಕ್ಷೆ ಹೋಯಿತು. ಆದರೆ ಈ ಮಗುವಿಗೆ ನಾಳೆ ಅನ್ನುವುದು ಇರಲಿಲ್ಲ. "ಮಾಮಾ, ಒಂದೇ ಒಂದು ಹ್ಞೂಂ ಅಥವಾ ಊಹ್ಞೂಂ ಹೇಳಿ," ಅಂದೆ. "ಹೀಟರನ್ನು ಎರಡು ಕಡೆಯಿಂದಲೂ ಮುಚ್ಚಿಬಿಟ್ಟರೆ ಎಂಜಿನ್ ಓಡುತ್ತಾ?"

"ಓಡುತ್ತೆ. ಅದರ ತಣ್ಣಿಗೆ ಬೇರೆ ವಳಿ ಇದೆ. ಆದರೆ ನಿನ್ನ ಹತ್ತಿರ ಎರಡು ವಾಲ್ವ್ ಎಲ್ಲಿದೆ?"

ಇರಲಿಲ್ಲ. ಇದ್ದದ್ದು ಒಂದು ವಾಲ್ವ್, ಮತ್ತು ಸೀಟಿನ ದಪ್ಪ ಬೋಲ್ಟುಗಳು. ವಾಲ್ವನ್ನು ಕಿತ್ತು ಬಿಸಿ ಹೋಸಿಗೆ ಹಾಕುವುದು, ವಾಲ್ವ್ ಇದ್ದ ಹೋಸಿನ ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ಪು ಬಿಗಿಯುವುದು. ಹೇಳಿದಾಗ ಡ್ರೈವರ್ ಅಣ್ಣ ತಲೆ ಕೆರೆದುಕೊಂಡ. "ಆಗುತ್ತೆ ಮೇಡಂ, ಆದರೆ ತಣ್ಣಗಾಗಬೇಕು. ಈಗ ಬಿಚ್ಚಿದರೆ ಮೈ ಬೆಂದುಹೋಗುತ್ತೆ." ಕಾಯುವಷ್ಟು ಹೊತ್ತು ಎಲ್ಲಿತ್ತು? ಟೀ ಅಂಗಡಿಯ ಅಕ್ಕನಿಂದ ಗೋಣಿಚೀಲ ಇಸಕೊಂಡು, ನೀರಲ್ಲಿ ನೆನೆಸಿ, ಹೋಸುಗಳ ಮೇಲೆ ಹಾಕಿ ಮತ್ತೆ ಮತ್ತೆ ನೀರು ಹುಯ್ದೆವು. ಹಿಂದಿನ ಡಬ್ಬಿಯ ಮುಚ್ಚಳವನ್ನು ಚೀಲ ಸುತ್ತಿ, ಮುಖ ಆಚೆ ತಿರುಗಿಸಿ, ಕೂದಲೆಳೆಯಷ್ಟು ಬಿಚ್ಚಿ ಹಬೆ ಬಿಟ್ಟೆವು. ಆಮೇಲೆ ನಾನೇ ಕೈ ಹಾಕಿದೆ. ಆತನ ಕೈ ದಪ್ಪ, ಆ ಸಂದಿಗೆ ಹೋಗುತ್ತಿರಲಿಲ್ಲ.

ಮೊದಲ ಕ್ಲಿಪ್ಪು ಸಡಿಲಿಸಿದಾಗ ಬಿಸಿನೀರು ಚಿಮ್ಮಿ ಮುಂಗೈ ಮೇಲೆ ಬಿತ್ತು. ಅಮ್ಮಾ ಎಂದು ಕಿರುಚಿದೆ, ಬಿಡಲಿಲ್ಲ. ಬೋಲ್ಟ್ ತಳ್ಳಿದೆ, ಕ್ಲಿಪ್ಪು ಬಿಗಿದೆ. ಬಿಸಿಯ ಹೋಸನ್ನು ಪಟ್ಟಿಯಿಂದ ಅಮುಕಿ ಕೊಯ್ದೆ. ನಿನ್ನೆ ಒಳಗೆ ಹೋಗಲೊಲ್ಲದೆ ಸತಾಯಿಸಿದ ವಾಲ್ವ್ ಇವತ್ತು ಬಿಸಿಗೆ ಮೆತ್ತಗಾದ ರಬ್ಬರಿನೊಳಗೆ ಸಲೀಸಾಗಿ ಕೂತಿತು. ಬಾಣ ಹೀಟರಿನ ಕಡೆಗೆ. ಹಿಡಿ ತಿರುಗಿಸಿ ಮುಚ್ಚಿದೆ. ಕೂಲಂಟ್ ಮುಗಿದಿತ್ತು, ಅಂಗಡಿಯ ಅಕ್ಕ ಬಕೆಟ್ಟಿನಲ್ಲಿ ಕೊಟ್ಟ ನೀರನ್ನೇ ಡಬ್ಬಿಗೆ ಹುಯ್ದೆವು. ಡ್ರೈವರ್ ಅಣ್ಣ ಗಾಡಿಯ ಮುಂದೆ ನಿಂತು ಕೈಮುಗಿದು, ಒಳಗೆ ಹತ್ತಿ ಕೀಲಿ ತಿರುಗಿಸಿದ. ಎಂಜಿನ್ ಕೆಮ್ಮಿತು, ಹಿಡಿದುಕೊಂಡಿತು. ನಾನು ಹೊಟ್ಟೆಯ ಮೇಲೆ ಮಲಗಿ ಟಾರ್ಚು ಬಿಟ್ಟು ನೋಡುತ್ತಿದ್ದೆ. ಬೋಲ್ಟಿನ ಹತ್ತಿರ ಒಂದು ಹನಿ ಕೂತಿತ್ತು, ಅದು ಬೀಳಲಿಲ್ಲ. ಮುಳ್ಳು ಅರ್ಧಕ್ಕೆ ಬಂದು ನಿಂತಿತು.

ನೆನೆದ ಫೋಮ್ ಹರಿದು ಎಸೆದೆವು. ನೆಲ ತೊಳೆದು, ಒರೆಸಿ, ಮತ್ತೆ ತೊಳೆದು, ಸೀಟನ್ನು ಉಳಿದ ಬೋಲ್ಟುಗಳಲ್ಲೇ ಬಿಗಿದು, ಬಾಗಿಲು ತೆರೆದುಕೊಂಡೇ ಹೊರಟೆವು. ದಾರಿಯುದ್ದಕ್ಕೂ ನಾನು ಹಿಂದೆ ನೆಲದ ಮೇಲೆ ಕೂತು ಒಂದು ಕೈಯನ್ನು ಸೀಟಿಗೆ ಒತ್ತಿಹಿಡಿದಿದ್ದೆ. ಸುಟ್ಟ ಕೈ ಉರಿಯುತ್ತಿತ್ತು. ಸೀಟು ಬಿಸಿಯಾಗಲಿಲ್ಲ.

ನಾವು ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಮನೆಯ ಮುಂದೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಪಕ್ಕದವರು ಕಡಲ ಕಡೆ ಕೈ ತೋರಿಸಿದರು. ಓಡಿದೆ. ಆಕೆ ಮಗುವಿನ ಎರಡೂ ತೋಳು ಹಿಡಿದು ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದಳು. ಮಗು ನಿದ್ದೆಗೆ ತೂಗಿದಾಗಲೆಲ್ಲ ಅದರ ಕಾಲನ್ನು ಅಲೆಗೆ ಕೊಡುತ್ತಿದ್ದಳು. ಅದು ಬೆಚ್ಚಿ ಕಣ್ಣು ಬಿಟ್ಟು ನಗುತ್ತಿತ್ತು, ಮತ್ತೆ ತೂಗುತ್ತಿತ್ತು. ಆಕೆಯ ತುಟಿ ಒಣಗಿಹೋಗಿತ್ತು. "ಮಲಗೋಕೆ ಬಿಡಲಿಲ್ಲ ಮೇಡಂ," ಅಂದಳು.

ಎಸಿ ಓಡಿಸಿ ಕೋಣೆ ತಣಿಸಿದೆವು. ವ್ಯಾನಿನಲ್ಲಿ ಕೂತ ಕೂಡಲೇ ಮಗು ತಾಯಿಯ ತೊಡೆಯ ಮೇಲೆ ಕುಸಿದು ನಿದ್ದೆಹೋಯಿತು. ಡ್ರೈವರ್ ಅಣ್ಣ ಎಂಜಿನ್ ಆರಿಸಿ, ಕೆಳಗಿಳಿದು, ಬೀದಿಯ ಎರಡೂ ಕಡೆ ಬೈಕುಗಳನ್ನು ತಡೆದು ನಿಂತ. ನಾನು ಚರ್ಮ ಉಜ್ಜಿ ಎಲೆಕ್ಟ್ರೋಡ್ ಅಂಟಿಸಿದೆ. ಸುಟ್ಟ ಕೈ ತಗುಲದಂತೆ ಇನ್ನೊಂದು ಕೈಯಿಂದಲೇ ಇಯರ್‌ಫೋನ್ ಕೂರಿಸಿದೆ. ಬಾಗಿಲು ಮುಚ್ಚಿ ಯಂತ್ರ ಶುರು ಮಾಡಿದೆ.

ಕೋಣೆ ತಂಪಾಗಿಯೇ ಉಳಿಯಿತು. ಮಗು ಮಿಸುಕಲಿಲ್ಲ. ಮೊದಲು ಬಲಗಿವಿ, ಜೋರಾದ ಶಬ್ದ. ಆ ಶಬ್ದಕ್ಕೆ ಕೇಳುವ ಕಿವಿಯಾದರೆ ಪರದೆಯ ಮೇಲೆ ಒಂದರ ಹಿಂದೊಂದು ಪುಟ್ಟ ಅಲೆಗಳು ಏಳಬೇಕು. ಇನ್ನೂ ಜೋರು ಮಾಡಿದೆ. ಯಂತ್ರ ಕೊಡಬಲ್ಲ ಅತಿ ಜೋರಿನವರೆಗೂ ಹೋದೆ. ಆಮೇಲೆ ಎಡಗಿವಿ. ಖಾತ್ರಿಗೆಂದು ಎರಡನ್ನೂ ಮತ್ತೊಮ್ಮೆ ಮಾಡಿದೆ. ಪರದೆಯ ಮೇಲೆ ಗೆರೆಗಳು ಒಂದರ ಕೆಳಗೊಂದು ಬಂದು ಕೂತವು. ನೆಟ್ಟಗೆ, ನಯವಾಗಿ, ಎಲ್ಲೂ ಏಳದೆ, ಎಲ್ಲೂ ಬೀಳದೆ. ನಾನು ಮಾಡಿದ ಅಷ್ಟೂ ಪರೀಕ್ಷೆಗಳಲ್ಲಿ ಅಷ್ಟು ಸ್ವಚ್ಛವಾದ ದಾಖಲೆ ನೋಡಿದ ನೆನಪಿಲ್ಲ.

ತಾಯಿ ಕತ್ತು ಚಾಚಿ ಪರದೆ ನೋಡಿದಳು. ಮುಖ ಅರಳಿಬಿಟ್ಟಿತು.

"ಅಲೆಯೆಲ್ಲ ಅಡಗಿಹೋಗಿದೆ ಮೇಡಂ! ನಲ್ಲಾ ವಂದುಚ್ಚಾ?" ಚೆನ್ನಾಗಿ ಬಂತಾ ಎಂದು ಕೇಳುತ್ತಿದ್ದಳು.

ಇಷ್ಟು ದಿನ ನಾನೇ ಹೇಳಿಕೊಟ್ಟಿದ್ದ ಪಾಠ. ಅಲೆ ಬಂದರೆ ಕೆಟ್ಟದ್ದು, ಅಡಗಿದರೆ ಒಳ್ಳೆಯದು. ಕಡಲಿಗೆ ಗಂಡನನ್ನು ಕಳಿಸುವವಳಿಗೆ ಅದನ್ನು ನಂಬುವುದು ಕಷ್ಟವಾಗಿರಲಿಲ್ಲ. ಆಕೆಯ ಪಕ್ಕದಲ್ಲಿ, ಆ ತಣ್ಣಗಿನ ಸೀಟಿನ ಮೇಲೆ ಕೂತೆ. ಮಗು ಅತ್ತಾಗ ಬರುವ ಅಲೆ ಬೇರೆ, ಕಿವಿ ಕೇಳಿದಾಗ ಬರಬೇಕಾದ ಅಲೆ ಬೇರೆ ಎಂದು ನನ್ನ ಹರುಕುಮುರುಕು ತಮಿಳಿನಲ್ಲಿ ಮೊದಲಿನಿಂದ ಬಿಡಿಸಿ ಹೇಳಿದೆ. ಈ ಎರಡನೆಯದು ಬರಲೇ ಇಲ್ಲ ಎಂದೆ. ಎರಡು ಕಿವಿಗೂ ಇಲ್ಲ ಎಂದೆ.

ಆಕೆ ಪರದೆಯನ್ನೇ ನೋಡುತ್ತಾ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು: "ಇದನ್ನ ತೋರಿಸಿದರೆ ನಾಳೆ ಹೆಸರು ಬರ್ಕೋತಾರಾ ಮೇಡಂ?"

"ಸಮಿತಿ ಮುಂದೆ ಇಡ್ತಾರೆ. ಆಗಲ್ಲ ಅನ್ನೋಕೆ ಈಗ ಅವರಿಗೆ ಕಾರಣ ಇಲ್ಲ."

"ಹಾಗಾದರೆ ಚೆನ್ನಾಗೇ ಬಂದಿದೆ," ಅಂದಳು.

ಇಷ್ಟೂ ಮಾತನ್ನು ಅವಳು ಪಿಸುದನಿಯಲ್ಲೇ ಆಡಿದಳು, ಮಗು ಎದ್ದುಬಿಟ್ಟೀತೆಂದು. ನಾನೂ ಪಿಸುದನಿಯಲ್ಲೇ ಉತ್ತರ ಕೊಟ್ಟೆ.